ಹಾಡಿಸುವವರೂ ಕಲಿಯತಕ್ಕವರೇ

ಮೂಲವಾಕ್ಯ: 1 ಪೂರ್ವಕಾಲವೃತ್ತಾಂತ 25ನೆಯ ಅಧ್ಯಾಯ, 7 ಮತ್ತು 8ನೆಯ ವಚನಗಳು.



ಪವಿತ್ರ ಗ್ರಂಥವನ್ನು ಓದುವಾಗ ಹೆಸರುಗಳ ಪಟ್ಟಿಯೂ ಲೆಕ್ಕವೂ ಬಂದಲ್ಲಿ ನಮ್ಮಲ್ಲಿ ಬಹುಮಂದಿ ಹಾಳೆಯನ್ನು ತಿರುವಿ ಮುಂದಕ್ಕೆ ಹೋಗುವುದುಂಟು. ಮೇಲೆ ಹೇಳಿದ ಅಧ್ಯಾಯವು ಅಂಥ ಪಟ್ಟಿಯೇ ಆಗಿರುತ್ತದೆ. ದೇವರ ಆಲಯದಲ್ಲಿ ಹಾಡುವ ಸೇವೆಗಾಗಿ ದಾವೀದ ಅರಸನು ಏರ್ಪಡಿಸಿದವರ ಹೆಸರುಗಳು ಅಲ್ಲಿ ಬರೆದಿರುತ್ತವೆ. ಆಸಾಫನ ಮಕ್ಕಳು ನಾಲ್ವರು, ಯೆದುತೂನನ ಮಕ್ಕಳು ಆರು ಮಂದಿ, ಹೇಮಾನನ ಮಕ್ಕಳು ಹದಿನಾಲ್ಕು ಮಂದಿ; ಹೀಗೆ 24 ವರ್ಗಗಳು. ವರ್ಗವೊಂದಕ್ಕೆ 12 ಮಂದಿಯಂತೆ ಒಟ್ಟು 288 ಮಂದಿ. ಇವರು ಗಾಯನದಲ್ಲಿ ಪಳಗಿದವರು. ಸೇವೆಯ ಸರದಿಯನ್ನು ಗೊತ್ತುಮಾಡುವದಕ್ಕೆ ಇವರು ಚೀಟು ಹಾಕಿದಾಗ ದೊಡ್ಡವನು ಚಿಕ್ಕವನು ಎಂಬ ಭೇದವನ್ನು ಮಾಡಲಿಲ್ಲ. ಕಲಿಸುವವನು ಕಲಿಯುವವನು ಎಂಬ ಭೇದವನ್ನೂ ಮಾಡಲಿಲ್ಲ.

ಈ ಕಡೇ ಮಾತಿನ ಮೇಲೆ ಮನಸ್ಸಿಡೋಣ. ದೇವಾಲಯದ ಪರಿಶುದ್ಧ ಸೇವಕರ ಪಟ್ಟಿಯಲ್ಲಿ ಶಿಷ್ಯನಿಗೂ ಸ್ಥಳ ಉಂಟು. ಅವನು ಪೂರ್ಣವಾಗಿ ಕಲಿತ ಮೇಲೆ ಬರಲಿ ಎಂದು ಅವನನ್ನು ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ಇದೇ ಪುಸ್ತಕದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ವಾದ್ಯಗಳಿಂದ ಕರ್ತನನ್ನು ಸ್ತುತಿಸುವ ಲೇವಿಯರು 4000 ಮಂದಿ ಎಂದು ಹೇಳಿದೆ. ಪಳಗಿದವರು 288 ಮಂದಿಯಾದರೆ ಉಳಿದವರು ಯಾರು? ಅವರು ಇವರ ಕೈಕೆಳಗೆ ಕಲಿಯುತ್ತಿದ್ದವರೆಂದು ವ್ಯಾಖ್ಯಾನಕಾರರು ಅನೇಕರು ತಿಳಿಯುತ್ತಾರೆ. ಹಾಗೆ ಭಾಗಿಸಿ ನೋಡಿದರೆ ಪಳಗಿದ ಒಬ್ಬೊಬ್ಬನಿಗೆ ಸುಮಾರು ಹದಿಮೂರು ಮಂದಿ ಶಿಷ್ಯರಾಗುವರು. ನಮ್ಮ ಹಳ್ಳಿಯ ಸಭೆಯೊಂದರ ಗಾಯನಮಂಡಳಿಯಲ್ಲಿ ಎಷ್ಟು ಮಂದಿ ಇರುತ್ತಾರೋ ಹೆಚ್ಚು ಕಡಿಮೆ ಅಷ್ಟೇ.

ಭಕ್ತಿ ಇದ್ದರೆ ಸಾಕು, ಹಾಡುವದಕ್ಕೆ ಶಿಕ್ಷಣ ಯಾತಕ್ಕೆ ಎಂದು ಹೇಳುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರು ದೇವರ ಮಂಜೂಷದ ಕಥೆಯನ್ನು ಇನ್ನೊಂದು ಸಾರಿ ಓದಬೇಕು. ದಾವೀದನು ಅದನ್ನು ಮೊದಲನೆಯ ಸಾರಿ ತರುವಾಗಲೂ ಹಾಡು ಇತ್ತು, ಕಿನ್ನರಿ, ಸ್ವರಮಂಡಲ, ದಮ್ಮಡಿ, ತಾಳ, ತುತೂರಿ ಎಲ್ಲವೂ ಇದ್ದವು. ಜನರು ತಮ್ಮ ಬಲವನ್ನೆಲ್ಲಾ ಹಾಕಿ ಕುಣಿದಾಡಿದರು. ಆ ಪ್ರಯಾಣವು ಉಜ್ಜನ ಮರಣದಲ್ಲಿ ಮುಗಿಯಿತು. ಹಾಡು ಕೆಟ್ಟದ್ದರಿಂದ ಅವನು ಸತ್ತನೆಂದು ನಾವು ಹೇಳುವದಿಲ್ಲ. ಹಾಗೆ ಹೇಳುವದು ವಾಕ್ಯವನ್ನು ತಿರುಚುವದಾಗಿದೆ. ಆದರೆ ಎರಡನೆಯ ಸಾರಿ ಹೊರಡುವ ಮುಂಚೆ ದಾವೀದನು ತಾನೇ, ಮೊದಲು ನಾವು ದೇವರ ಕ್ರಮವನ್ನು ವಿಚಾರಿಸಲಿಲ್ಲ ಎಂದು ಒಪ್ಪಿಕೊಂಡನು. ಆಗ ಲೇವಿಯರನ್ನು ಕರೆದು, ಹೊರತಕ್ಕವರನ್ನು ಹೊರುವದಕ್ಕೂ ಹಾಡತಕ್ಕವರನ್ನು ಹಾಡುವದಕ್ಕೂ ನೇಮಿಸಿದನು. ಹಾಡಿನ ಶಿಕ್ಷಣವನ್ನು ಕೆನನ್ಯನಿಗೆ ಒಪ್ಪಿಸಿದರು. ಅವನನ್ನೇ ಯಾಕೆ ಆರಿಸಿದರೆಂಬದಕ್ಕೆ ಗ್ರಂಥವು ಒಂದೇ ಕಾರಣವನ್ನು ಕೊಡುತ್ತದೆ: ಅವನು ಅದನ್ನು ಬಲ್ಲವನಾಗಿದ್ದನು. ಇಂಥವನ ಮಗನೆಂದಾಗಲಿ ಗಟ್ಟಿಯಾದ ಶಾರೀರದವನೆಂದಾಗಲಿ ಅಲ್ಲಿ ಬರೆದಿಲ್ಲ.

ನಮ್ಮ ಹಳ್ಳಿಗಳ ಸಂಗತಿ ಹೇಗಿದೆ? ಅನೇಕ ಸಭೆಗಳಲ್ಲಿ ಹಾಡನ್ನು ಎತ್ತುವವನು ಒಬ್ಬನೇ. ಅವನು ಚಿಕ್ಕಂದಿನಲ್ಲಿ ಯಾರಿಂದಲೋ ಕೇಳಿ ಕಲಿತ ಮೂವತ್ತು ನಾಲ್ವತ್ತು ಗೀತೆಗಳೇ ಸಭೆಯ ಆಸ್ತಿ. ಅವನ ಗಂಟಲಿಗೆ ಒಗ್ಗಿದ ಶ್ರುತಿಯೇ ಎಲ್ಲರಿಗೂ ಶ್ರುತಿ. ವರುಷ ಹೋದಂತೆ ರಾಗವು ಒಂದು ಕಡೆ ಬಾಗುತ್ತದೆ, ತಾಳವು ಎಳೆಯುತ್ತದೆ. ತಿದ್ದುವವರಿಲ್ಲದ ಕಾರಣ ಬಾಗಿದ್ದೇ ರಾಗವೆಂದು ಮಕ್ಕಳು ಕಲಿಯುತ್ತಾರೆ. ಅವನು ಜ್ವರದಿಂದ ಮಲಗಿದ ಆದಿತ್ಯವಾರ ಸಭೆಯು ಮೂಕವಾಗುತ್ತದೆ. ಇಂಥ ಸೇವಕರನ್ನು ಹೀಗಳೆಯುವದಕ್ಕೆ ನಾವು ಇದನ್ನು ಬರೆಯುವದಿಲ್ಲ. ಸಂಬಳವಿಲ್ಲದೆ, ಹೊಲದ ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡು ರಾತ್ರಿ ಹುಡುಗರನ್ನು ಕೂಡಿಸಿ ಹಾಡಿಸುವ ಈ ಮನುಷ್ಯರಿಂದಲೇ ನಮ್ಮ ಆರಾಧನೆ ಉಳಿದಿದೆ. ಆದರೆ ನಾವು ಅವರಿಂದ ಸೇವೆಯನ್ನು ತೆಗೆದುಕೊಂಡಷ್ಟು ಅವರಿಗೆ ವಿದ್ಯೆಯನ್ನು ಕೊಟ್ಟಿದ್ದೇವೋ?

ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ದೇಶದ ಅನೇಕ ರಾಗಗಳು ನಮ್ಮ ಗೀತಪುಸ್ತಕಗಳಲ್ಲಿ ಸೇರಿದವೆಂಬದು ನಿಮಗೆ ಗೊತ್ತಿದೆ. ಅಂಥ ರಾಗಗಳನ್ನು ತನ್ನ ಜೀವಮಾನವೆಲ್ಲಾ ನುಡಿಸಿ, ಹಾಡಿಸಿ, ಹೊಸದಾಗಿ ಅಲಂಕರಿಸಿದ ಒಬ್ಬ ಸಂಗೀತಸೇವಕನ ಚರಿತ್ರೆಯನ್ನು ಇಲ್ಲಿ ಹೇಳುವೆವು. ಅವನ ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್. ಲೋಕವು ಈಗ ಅವನನ್ನು ಮಹಾಪುರುಷನೆಂದು ಹೊಗಳುತ್ತದೆ. ಆದರೆ ಆಗ ಅವನು ಸಭೆಯ ಹಿರಿಯರ ಮುಂದೆ ನಿಂತು ಉತ್ತರ ಕೊಡಬೇಕಾದ ಒಬ್ಬ ಕೂಲಿಯ ಸೇವಕನು.

ಅವನು 1685ರಲ್ಲಿ ಹುಟ್ಟಿ, 1703ರಲ್ಲಿ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಆರ್ನ್‌ಷ್ಟಾಟ್ ಎಂಬ ಊರಿನ ದೇವಾಲಯದಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರಿದನು. ಎರಡು ವರುಷಗಳಾದ ಮೇಲೆ, 1705ರ ಕೊನೆಯ ತಿಂಗಳುಗಳಲ್ಲಿ, ಹಿರಿಯರಿಂದ ನಾಲ್ಕು ವಾರಗಳ ರಜೆಯನ್ನು ಬೇಡಿಕೊಂಡನು. ಉತ್ತರದ ಸಮುದ್ರತೀರದ ಲ್ಯೂಬೆಕ್ ಪಟ್ಟಣದಲ್ಲಿ ಬುಕ್ಸ್ಟೆಹೂಡೆ ಎಂಬ ವೃದ್ಧ ಆರ್ಗನ್ ವಾದಕನು ಕ್ರಿಸ್ಮಸ್ಸಿಗೆ ಮುಂಚಿನ ಆದಿತ್ಯವಾರಗಳ ಸಾಯಂಕಾಲ ದೇವಾಲಯದಲ್ಲಿ ದೊಡ್ಡ ಗಾಯನಗಳನ್ನು ನಡಿಸುತ್ತಿದ್ದನು. ಅವನನ್ನು ಕೇಳಿ ಕಲಿಯಬೇಕೆಂಬದೇ ಈ ಯೌವನಸ್ಥನ ಆಶೆ. ದಾರಿ 400 ಕಿಲೋಮೀಟರಿಗೂ ಹೆಚ್ಚು. ಅಂದರೆ ಧಾರವಾಡದಿಂದ ಬೆಂಗಳೂರಿಗೆ ಹೋಗುವಷ್ಟು ದೂರ. ಅದನ್ನು ಅವನು ನಡೆದೇ ಹೋದನೆಂದು ಅವನ ಮರಣದ ತರುವಾಯ ಅವನ ಮಗನೂ ಶಿಷ್ಯನೂ ಸೇರಿ ಬರೆದ ಚರಿತ್ರೆಯಲ್ಲಿ ಹೇಳಿದೆ.

ಹೋದವನು ನಾಲ್ಕು ವಾರಗಳಲ್ಲಿ ಬರಲಿಲ್ಲ. ನಾಲ್ಕು ತಿಂಗಳಷ್ಟು ಕಳೆದು 1706ರಲ್ಲಿ ಬಂದನು. ಫೆಬ್ರವರಿ ತಿಂಗಳಲ್ಲಿ ಹಿರಿಯರು ಅವನನ್ನು ಕರೆಸಿ, ಇಷ್ಟು ಕಾಲ ಎಲ್ಲಿದ್ದಿ, ಯಾರ ಅಪ್ಪಣೆಯಿಂದ ಇದ್ದಿ ಎಂದು ವಿಚಾರಿಸಿದರು. ತನ್ನ ವಿದ್ಯೆಯಲ್ಲಿ ಕೆಲವು ಸಂಗತಿಗಳನ್ನು ತಿಳಿದುಕೊಳ್ಳುವದಕ್ಕೆ ಹೋಗಿದ್ದೆನೆಂದೂ, ತನ್ನ ಸ್ಥಾನದಲ್ಲಿ ಒಬ್ಬನನ್ನು ಇಟ್ಟಿದ್ದೆನೆಂದೂ ಅವನು ಉತ್ತರ ಕೊಟ್ಟನು. ಆ ದಿನದ ವಿಚಾರಣೆಯ ದಾಖಲೆ ಇಂದಿಗೂ ಉಳಿದದೆ. ಹಿರಿಯರ ದೂರು ರಜೆಯ ವಿಷಯದಲ್ಲಿ ನಿಲ್ಲಲಿಲ್ಲ. ಅವನು ಸಭೆಯ ಗೀತೆಗೆ ಆರ್ಗನ್ ನುಡಿಸುವಾಗ ವಿಚಿತ್ರವಾದ ತಿರುವುಗಳನ್ನೂ ಕೇಳಿಲ್ಲದ ಸ್ವರಗಳನ್ನೂ ಬೆರಸಿದ್ದರಿಂದ ಹಾಡುವ ಜನರು ಗಲಿಬಿಲಿಗೊಂಡರು ಎಂದರು. ಮುಂಚೆ ಪೀಠಿಕೆಯನ್ನು ಬಹಳ ಉದ್ದವಾಗಿ ನುಡಿಸುತ್ತಿದ್ದನು. ಅದು ಹೆಚ್ಚೆಂದು ಹೇಳಿದ ಮೇಲೆ ಬೇಕೆಂದೇ ತೀರಾ ಚಿಕ್ಕದು ಮಾಡಿದನು ಎಂಬ ದೂರೂ ಬಂತು. ಈ ಕಡೇ ಸಂಗತಿಯನ್ನು ಓದುವಾಗ ನಮಗೆ ನಗು ಬರುತ್ತದೆ. ಗಾಯನಮಂಡಳಿಯ ನಾಯಕರ ಸಂಗಡ ವ್ಯವಹರಿಸಿದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಬಂದೀತು.

ನ್ಯಾಯ ಯಾರ ಕಡೆಗಿದೆ? ಬಾಖನು ದೊಡ್ಡವನಾದ್ದರಿಂದ ಹಿರಿಯರು ಮೂಢರೆಂದು ಪುಸ್ತಕ ಬರೆಯುವವರು ಸುಲಭವಾಗಿ ತೀರ್ಪು ಕೊಡುತ್ತಾರೆ. ನಮಗೆ ಹಾಗೆ ತೋರುವದಿಲ್ಲ. ಕಲಿಯುವದಕ್ಕೆ ಹೊರಟ ಅವನ ಹಸಿವು ದೇವರು ಕೊಟ್ಟದ್ದು; ಅದನ್ನು ನಾವು ಮೆಚ್ಚುತ್ತೇವೆ. ಆದರೆ ಕಲಿತದ್ದನ್ನು ತಂದು ಹಾಡುವ ಬಡಜನರ ತಲೆಯ ಮೇಲೆ ಸುರಿದರೆ ಅದು ಸೇವೆಯಾದೀತೇ? ನೇಕಾರನೂ ರೈತನೂ ಆರು ದಿನ ದುಡಿದು ಏಳನೆಯ ದಿನ ಬಂದು ತಮ್ಮ ತಾಯಿಯಿಂದ ಕಲಿತ ರಾಗವನ್ನು ಬಾಯಿತುಂಬಾ ಹಾಡಬೇಕೆಂದಿರುವಾಗ ಕಾಲಡಿಯ ಹಲಗೆಯನ್ನು ಎಳೆದಂತೆ ಸ್ವರವನ್ನು ಎಳೆದರೆ ಅವರು ಬಾಯಿ ಮುಚ್ಚುವರು. ಒಮ್ಮೆ ಮುಚ್ಚಿದ ಬಾಯಿ ತೆರೆಯುವದು ಕಷ್ಟ.

ಆ ಹಿರಿಯರ ಇನ್ನೊಂದು ದೂರು ಇದಕ್ಕಿಂತ ಭಾರವಾದದ್ದು. ಊರ ಪಾಠಶಾಲೆಯ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಅವನು ಗಾಯನವನ್ನು ನಡಿಸುತ್ತಿರಲಿಲ್ಲ. ಆ ಹುಡುಗರು ಪಳಗದವರು, ಒರಟರು ಎಂಬದೇ ಅವನ ಮನಸ್ಸು. ಲ್ಯೂಬೆಕ್ಕಿಗೆ ಹೋಗುವ ಮುಂಚಿನ ಆಗಸ್ಟಿನಲ್ಲಿ ಅವರಲ್ಲಿ ಒಬ್ಬನ ಬಾಸೂನು ವಾದ್ಯವನ್ನು ಮೇಕೆಗೆ ಹೋಲಿಸಿ ಬೈದದ್ದರಿಂದ ಅವನು ಬೀದಿಯಲ್ಲಿ ಕೋಲು ಹಿಡಿದು ಬಂದನು, ಬಾಖನು ಕತ್ತಿಯನ್ನು ಹಿರಿದನು, ನೋಡುವವರು ಬಿಡಿಸಿದರು. ಆಗ ಹಿರಿಯರು ಬಾಖನಿಗೆ ಹೇಳಿದ ಬುದ್ಧಿಯ ಸಾರವೇನಂದರೆ, ಮನುಷ್ಯನು ಕುಂದುಕೊರತೆಗಳ ನಡುವೆಯೇ ಬದುಕಬೇಕು, ವಿದ್ಯಾರ್ಥಿಗಳ ಸಂಗಡ ಹೊಂದಿಕೊಳ್ಳಬೇಕು ಎಂಬದೇ. ಅದನ್ನು ಗಾಯನಮಂಡಳಿಗಳ ಕೊಠಡಿಯ ಗೋಡೆಯ ಮೇಲೆ ಬರೆದಿಡಬಹುದು.

ಈಗ ಇಪ್ಪತ್ತೈದು ವರುಷ ಮುಂದಕ್ಕೆ ಹೋಗೋಣ. 1723ರಿಂದ ಬಾಖನು ಲೈಪ್ಸಿಗ್ ಪಟ್ಟಣದಲ್ಲಿ ಸಂತ ತೋಮನ ಪಾಠಶಾಲೆಯ ಹುಡುಗರಿಗೆ ಹಾಡು ಕಲಿಸಿ ಪಟ್ಟಣದ ದೇವಾಲಯಗಳಿಗೆ ಗಾಯನಮಂಡಳಿಗಳನ್ನು ಒದಗಿಸುವ ಉದ್ಯೋಗದಲ್ಲಿದ್ದನು. 1730ರ ಆಗಸ್ಟ್ 23ರಲ್ಲಿ ಅವನು ಪಟ್ಟಣದ ಅಧಿಕಾರಿಗಳಿಗೆ ಒಂದು ವಿಜ್ಞಾಪನೆಯನ್ನು ಬರೆದನು. ಒಂದು ಮಂಡಳಿಗೆ ಕಡಿಮೆಯೆಂದರೆ 12 ಮಂದಿ ಬೇಕು. ನಾಲ್ಕು ಧ್ವನಿಗಳಿಗೆ ಮೂವರು ಮೂವರಂತೆ. ನಾಲ್ವರು ನಾಲ್ವರಂತೆ 16 ಮಂದಿ ಇದ್ದರೆ ಇನ್ನೂ ಒಳ್ಳೆಯದು. ಯಾಕಂದರೆ ಮೂವರಲ್ಲಿ ಒಬ್ಬನು ಕಾಯಿಲೆ ಬೀಳುವದು ಸಾಮಾನ್ಯ, ಪಾಠಶಾಲೆಯ ವೈದ್ಯನ ಚೀಟಿಗಳನ್ನು ನೋಡಿದರೆ ತಿಳಿಯುವದು ಎಂದು ಅವನು ತೋರಿಸಿದನು. ಕಡೆಯಲ್ಲಿ ತನ್ನ ಹುಡುಗರನ್ನು ಎಣಿಸಿ ಮೂರು ಪಾಲು ಮಾಡಿದನು. ಕೆಲಸಕ್ಕೆ ಬರುವವರು 17 ಮಂದಿ. ಇನ್ನೂ ಕೆಲಸಕ್ಕೆ ಬಾರದವರು 20 ಮಂದಿ. ಸಂಗೀತಕ್ಕೆ ಏನೂ ಆಗದವರು 17 ಮಂದಿ.

ಪ್ರಿಯರೇ, ನಡುವಿನ ಪಾಲನ್ನು ನೋಡಿರಿ. ಅದೇ ಎಲ್ಲಕ್ಕಿಂತ ದೊಡ್ಡದು. ಆರ್ನ್‌ಷ್ಟಾಟಿನಲ್ಲಿ ಒರಟು ಹುಡುಗರನ್ನು ಕಂಡು ಬೆನ್ನು ತಿರುಗಿಸಿದ ಯೌವನಸ್ಥನು ನಾಲ್ವತ್ತೈದನೆಯ ವಯಸ್ಸಿನಲ್ಲಿ ‘ಇನ್ನೂ’ ಎಂಬ ಮಾತನ್ನು ಬರೆಯಲು ಕಲಿತಿದ್ದನು. ಅವನ ಸಿಟ್ಟು ತೀರಿತ್ತೆಂದು ನಾವು ಹೇಳೆವು. ಮೂರನೆಯ ಪಾಲನ್ನು ಬರೆದ ಲೇಖನಿಯಲ್ಲಿ ಬೇಕಾದಷ್ಟು ಖಾರವಿದೆ. ಆದರೆ ಆ ಇಪ್ಪತ್ತು ಮಂದಿಗಾಗಿ ಅವನು ಅಧಿಕಾರಿಗಳ ಸಂಗಡ ವಾದಿಸಿದನು. ಹಾಡು ಬಲ್ಲ ದೊಡ್ಡ ವಿದ್ಯಾರ್ಥಿಗಳಿಗೆ ಮುಂಚೆ ಕೊಡುತ್ತಿದ್ದ ಅಲ್ಪ ಹಣವನ್ನು ನಿಲ್ಲಿಸಿದ್ದರಿಂದ ಅವರು ಬರುವದನ್ನು ಬಿಟ್ಟರೆಂದೂ, ಉಣ್ಣುವದಕ್ಕೆ ಚಿಂತಿಸಬೇಕಾದವನು ವಿದ್ಯೆಯಲ್ಲಿ ಬೆಳೆಯಲಾರನೆಂದೂ ಬರೆದನು.

ಇದನ್ನು ಓದುವಾಗ ನೆಹೆಮೀಯನ ಪುಸ್ತಕದ ಹದಿಮೂರನೆಯ ಅಧ್ಯಾಯವು ಮನಸ್ಸಿಗೆ ಬರುವದಿಲ್ಲವೇ? ಸೆರೆಯಿಂದ ತಿರಿಗಿ ಬಂದವರಲ್ಲಿ ಆಸಾಫನ ವಂಶದ ಗಾಯಕರು 128 ಮಂದಿ ಎಂದು ಎಜ್ರನು ಲೆಕ್ಕ ಕೊಟ್ಟಿದ್ದಾನೆ. ದಾವೀದನ ಕಾಲದಿಂದ ಎಷ್ಟೋ ತಲೆಗಳು ಉರುಳಿ, ಆಲಯವು ಸುಟ್ಟು ಬೂದಿಯಾಗಿ, ಬಾಬೆಲಿನ ಅನ್ಯದೇಶದಲ್ಲಿ ಒಂದು ಜೀವಮಾನ ಕಳೆದರೂ ಹಾಡುವವರ ಮನೆತನವು ಕೆಡಲಿಲ್ಲ. ಸೆರೆಯು ಕೆಡಿಸದೆ ಇದ್ದದ್ದನ್ನು ಸ್ವಂತ ಊರಿನ ಅಲಕ್ಷ್ಯವು ಕೆಡಿಸಿತು. ಲೇವಿಯರಿಗೆ ಸಲ್ಲತಕ್ಕ ಪಾಲನ್ನು ಜನರು ಕೊಡಲಿಲ್ಲವಾದಕಾರಣ ಹಾಡುವವರು ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು. ನೆಹೆಮೀಯನು ಬಂದು ನೋಡಿ ಯಾರನ್ನು ಗದರಿಸಿದನು? ಹೊಲದಲ್ಲಿ ಉಳುತ್ತಿದ್ದ ಗಾಯಕನನ್ನಲ್ಲ; ಅಧಿಕಾರಿಗಳನ್ನು. ದೇವರ ಆಲಯವನ್ನು ಕೈಬಿಟ್ಟದ್ದೇಕೆ ಎಂದು ಅವರನ್ನೇ ಕೇಳಿದನು.

ನಮ್ಮ ಹಾಡಿಸುವವರು ಹೊಲದಲ್ಲಿಯೇ ಇರುತ್ತಾರೆ, ಇರಬೇಕಾದದ್ದೂ ಅಲ್ಲಿಯೇ. ಅವರಿಗೆ ಸಂಬಳ ಗೊತ್ತುಮಾಡುವಷ್ಟು ಶಕ್ತಿ ಬಡ ಸಭೆಗಳಿಗೆ ಇಲ್ಲ. ಆದರೆ ಬೇಸಿಗೆಯಲ್ಲಿ ಹತ್ತು ದಿನ ಪಟ್ಟಣಕ್ಕೆ ಹೋಗಿ ಬಲ್ಲವರಿಂದ ಕಲಿಯುವದಕ್ಕೆ ಬಂಡಿಯ ಖರ್ಚು, ಊಟದ ಖರ್ಚು ಕೊಡಬಾರದೇ? ಆ ಹತ್ತು ದಿನ ಅವನ ದನಗಳಿಗೆ ನೀರು ಹಾಕುವವರು ನಮ್ಮಲ್ಲಿ ಒಬ್ಬರೂ ಇಲ್ಲವೇ? ಹಾರ್ಮೋನಿಯಮ್ಮಿನ ತಿದಿಗೆ ತೇಪೆ ಹಾಕುವದಕ್ಕೆ ಹಣವನ್ನು ಕೂಡಿಸುತ್ತೇವೆ. ಅದನ್ನು ನುಡಿಸುವ ಮನುಷ್ಯನಿಗಾಗಿ ಕೂಡಿಸುವದಿಲ್ಲ.

ದೊಡ್ಡ ಸ್ಥಾನದವರು ಚಿಕ್ಕ ಸಭೆಗಳ ಹಾಡಿಗಾಗಿ ಇಳಿದು ಬಂದದ್ದೂ ಉಂಟು. ಲಂಡನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆರ್ಗನ್ ವಾದಕನಾಗಿದ್ದ ಸಿಡ್ನಿ ನಿಕಲ್ಸನ್ ಎಂಬವನು 1927ರಲ್ಲಿ ದೇವಾಲಯ ಸಂಗೀತಕ್ಕಾಗಿ ಒಂದು ಶಿಕ್ಷಣಸಂಸ್ಥೆಯನ್ನು ಸ್ಥಾಪಿಸಿ, ಮರುವರುಷ ಅಬ್ಬೆಯ ಕೆಲಸವನ್ನೇ ಬಿಟ್ಟು, ಊರೂರಿನ ಸಾಧಾರಣ ಮಂಡಳಿಗಳನ್ನು ತಿದ್ದುವದಕ್ಕೆ ಹೊರಟನು. ರಾಜರಿಗೆ ಕಿರೀಟವಿಡುವ ಆಲಯವನ್ನು ಬಿಟ್ಟು ಸಣ್ಣ ಊರಿನ ಹುಡುಗರಿಗೆ ಬಾಯಿ ತೆರೆಯಲು ಕಲಿಸುವದು ನಷ್ಟವೆಂದು ಅವನಿಗೆ ತೋರಲಿಲ್ಲ. ಆ ಸಂಸ್ಥೆ ಈಗಲೂ ಇದೆ.

ಹೋಗಿ ಕಲಿಯತಕ್ಕದ್ದು ಏನೆಂದು ಕೇಳುವವರಿಗೆ ಸ್ವಲ್ಪ ಹೇಳುವೆವು. ಹೊಸ ಗೀತೆಗಳಲ್ಲ, ಅವು ಕಡೆಗೆ ಬರಲಿ. ಮೊದಲು ಕಿವಿ. ಹಾಡಿಸುವವನು ತಾನೇ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರೆ ಬೇರೆಯವರನ್ನು ಕೇಳಲಾರನು, ಕೇಳದವನು ತಿದ್ದಲಾರನು. ಬಾಯಿ ಮುಚ್ಚಿ ನಿಂತು ಕೇಳುವದನ್ನು ಕಲಿಯುವದಕ್ಕೆ ನಾಯಕನಿಗೆ ಬಹು ದಿನ ಹಿಡಿಯುತ್ತದೆ. ಎರಡನೆಯದು ಶ್ರುತಿ. ತನ್ನ ಗಂಟಲಿಗೆ ಅನುಕೂಲವಾದ ಎತ್ತರದಲ್ಲಿ ಎತ್ತಿದ ಹಾಡು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮುದುಕರನ್ನು ಬಿಟ್ಟುಹೋಗುತ್ತದೆ. ಗೀತೆಯ ಅತಿ ಎತ್ತರದ ಸ್ವರ ಎಲ್ಲಿದೆ ಎಂದು ಮೊದಲು ನೋಡಿ, ಅದನ್ನು ಅಜ್ಜಿಯರೂ ಮುಟ್ಟುವಂತೆ ಆಧಾರ ಷಡ್ಜವನ್ನು ಇಡಬೇಕು. ಉಸಿರು ಎಲ್ಲಿ ತೆಗೆಯಬೇಕೆಂಬದು ವಾಕ್ಯದ ಅರ್ಥದಿಂದ ತಿಳಿಯತಕ್ಕದ್ದು. ಕರ್ತನ ಹೆಸರನ್ನು ಎರಡು ತುಂಡು ಮಾಡಿ ನಡುವೆ ಉಸಿರೆಳೆಯುವದನ್ನು ನಾವು ಎಷ್ಟು ಸಾರಿ ಕೇಳಿಲ್ಲ! ಗಂಟಲು ಒಡೆಯುವ ಪ್ರಾಯದ ಹುಡುಗನನ್ನು ಗದರಿಸಿ ಎತ್ತರದಲ್ಲಿ ಹಾಡಿಸಕೂಡದು, ಮಂಡಳಿಯಿಂದ ಹೊರಗೆ ಹಾಕಲೂಕೂಡದು; ತಗ್ಗಿನಲ್ಲಿ ಹಾಡಿಸಿ, ತಾಳ ಹಿಡಿಸಿ, ಪುಸ್ತಕಗಳನ್ನು ಕೊಡುವ ಕೆಲಸವನ್ನಾದರೂ ಒಪ್ಪಿಸಿ ಇಟ್ಟುಕೊಳ್ಳಬೇಕು. ಆ ಪ್ರಾಯದಲ್ಲಿ ಹೊರಟುಹೋದವರು ಹಾಡಿಗೆ ಮಾತ್ರವಲ್ಲ, ಅನೇಕ ವೇಳೆ ಸಭೆಗೇ ತಿರಿಗಿ ಬರುವದಿಲ್ಲ.

ಕಲಿಸುವದಕ್ಕೆ ಒಂದು ಕ್ರಮ ಉಂಟೆಂಬದನ್ನೂ ತಿಳಿಯಬೇಕು. ಸಾವಿರ ವರುಷದ ಹಿಂದೆ ಇತಾಲ್ಯ ದೇಶದ ಗ್ವೀದೋ ಎಂಬ ಸಂನ್ಯಾಸಿಯು, ಹುಡುಗರು ಒಂದೊಂದು ಹಾಡನ್ನೂ ಗುರುವಿನ ಬಾಯಿಂದಲೇ ಕೇಳಿ ಹತ್ತು ವರುಷ ಕಳೆದರೂ ಹೊಸದನ್ನು ತಾವಾಗಿ ಹಾಡಲಾರರೆಂದು ಮರುಗಿ, ಸ್ವರಗಳಿಗೆ ಅಕ್ಷರಗಳನ್ನು ಕಟ್ಟಿ, ಗೆರೆಗಳ ಮೇಲೆ ಬರೆದು, ಒಂದೆರಡು ವರುಷಗಳಲ್ಲಿ ಕಲಿಸುವ ಉಪಾಯವನ್ನು ಕಂಡನು. ಅವನ ಮಠದವರೇ ಹೊಟ್ಟೆಕಿಚ್ಚುಪಟ್ಟಿದ್ದರಿಂದ ಅವನು ಅಲ್ಲಿಂದ ಅರೆಟ್ಸೋ ಪಟ್ಟಣಕ್ಕೆ ಹೋಗಬೇಕಾಯಿತು. ನಮ್ಮ ನಾಡಿನಲ್ಲಿಯೂ ಮಕ್ಕಳಿಗೆ ಸರಳೆ ವರಿಸೆ, ಜಂಟಿ ವರಿಸೆ ಎಂದು ಮೆಟ್ಟಲು ಮೆಟ್ಟಲಾಗಿ ಕಲಿಸುವ ಪದ್ಧತಿಯನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಗೀತಗಾರರು ಹೇಳುತ್ತಾರೆ. ಆ ಮೆಟ್ಟಲುಗಳನ್ನು ಹತ್ತಿಸಿದವನ ಶಿಷ್ಯನು ಗುರುವು ಇಲ್ಲದಿರುವಾಗಲೂ ಹಾಡುವನು. ಕೇವಲ ಬಾಯಿಪಾಠ ಮಾಡಿಸಿದವನ ಶಿಷ್ಯನು ಗುರುವಿನ ನೆರಳು ಮಾತ್ರ.

ಈಗ ಮೊಬೈಲ್ ಫೋನಿನಲ್ಲಿ ಲೋಕದ ಎಲ್ಲಾ ಹಾಡುಗಳೂ ಬರುತ್ತವಲ್ಲಾ, ಅದನ್ನು ಕೇಳಿ ಕಲಿತರೆ ಸಾಲದೇ ಎಂದು ಯೌವನಸ್ಥರು ಕೇಳುತ್ತಾರೆ. ಕೇಳಲಿ, ಅದರಿಂದ ಕೇಡಿಲ್ಲ. ಬುಕ್ಸ್ಟೆಹೂಡೆಯನ್ನು ಕೇಳಲು ಈಗ ಯಾರೂ 400 ಕಿಲೋಮೀಟರು ನಡೆಯಬೇಕಾಗಿಲ್ಲ. ಆದರೆ ಅದರಲ್ಲಿ ಬರುವ ಹಾಡು ನಮ್ಮ ಹಾಡನ್ನು ಕೇಳುವದಿಲ್ಲ. ನಿನ್ನ ಗಾಂಧಾರವು ಇಳಿದಿದೆ ಎಂದು ಅದು ಎಂದಿಗೂ ಹೇಳದು.

ತರಬೇತಿಯಿಂದ ತಿರಿಗಿ ಬಂದ ನಾಯಕನಿಗೂ ಒಂದು ಮಾತು. ಮೊದಲನೆಯ ಆದಿತ್ಯವಾರವೇ ಸಭೆಗೆ ಗೊತ್ತಿಲ್ಲದ ನಾಲ್ಕು ಹಾಡುಗಳನ್ನು ತರಬೇಡಿರಿ. ಎಲ್ಲರಿಗೂ ಗೊತ್ತಿರುವ ಒಂದೇ ಹಳೇ ಗೀತೆಯನ್ನು ತಕ್ಕ ಶ್ರುತಿಯಲ್ಲಿ, ಎಳೆಯದ ತಾಳದಲ್ಲಿ ಎತ್ತಿರಿ. ಹಿಂದಿನ ಸಾಲಿನಲ್ಲಿ ಕೂತಿರುವ ಮುದುಕನು ಕಡೇ ಚರಣದವರೆಗೂ ಹಾಡಿದರೆ ನಿಮ್ಮ ಹತ್ತು ದಿನದ ವಿದ್ಯೆಗೆ ಅದೇ ಪರೀಕ್ಷೆ.

ಹಿರಿಯರೇ, ನೀವು ರಜೆ ಕೊಟ್ಟು ಕಳುಹಿಸಿದ ದಿನಗಳಲ್ಲಿ ಹಾಡನ್ನು ಎತ್ತುವವರು ಯಾರೆಂಬ ಪ್ರಶ್ನೆ ಉಳಿದದೆ. ಬಾಖನು ಕೂಡ ತನ್ನ ಸ್ಥಾನದಲ್ಲಿ ಒಬ್ಬನನ್ನು ಇಟ್ಟೇ ಹೋಗಿದ್ದನು. ನಿಮ್ಮ ಸಭೆಯಲ್ಲಿ ಅಂಥವರು ಇಲ್ಲವೆನ್ನುವ ಮುಂಚೆ ಹೆಂಗಸರ ಸಾಲಿನ ಕಡೆಗೆ ನೋಡಿರಿ. ಗೀತಪುಸ್ತಕವನ್ನು ತೆರೆಯದೆ ಎಲ್ಲಾ ಚರಣಗಳನ್ನು ಹಾಡುತ್ತಾ, ನಾಯಕನು ತಪ್ಪಿದಾಗ ರಾಗವನ್ನು ಮೆಲ್ಲಗೆ ಹಿಡಿದು ನಿಲ್ಲಿಸುವ ಹುಡುಗಿಯೊಬ್ಬಳು ಅಲ್ಲಿ ಕೂತಿರುತ್ತಾಳೆ. ನಾವು ಸಂದರ್ಶಿಸಿದ ಸಭೆಗಳಲ್ಲಿ ಅಂಥವಳು ಇಲ್ಲದ ಸಭೆ ಅಪರೂಪ. ಹೇಮಾನನಿಗೆ ಹದಿನಾಲ್ಕು ಮಂದಿ ಗಂಡುಮಕ್ಕಳೆಂದು ಮೇಲೆ ಹೇಳಿದೆವು. ಮೂವರು ಹೆಣ್ಣುಮಕ್ಕಳೂ ಇದ್ದರೆಂದು ಅದೇ ವಚನದಲ್ಲಿ ಬರೆದಿರುತ್ತದೆ.